ಧಾರವಾಡದ ಏರಿಗೆ ಗೇರಿಲ್ಲದ ಸೈಕಲ್ ಸಾಲದೇ?

ಪ್ರಶ್ನೆ: ನನಗೆ 54 ವರ್ಷ. ಕೆಲಗೇರಿಯಿಂದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡಕ್ಕೆ ದಿನಾಲೂ ಗೇರಿಲ್ಲದ ಹಳೆಯ ಸೈಕಲ್ ಮೇಲೆ ಕೆಲಸಕ್ಕೆ ಹೋಗುತ್ತೇನೆ. ಇತ್ತೀಚೆಗೆ ಏರಿನಲ್ಲಿ ಮೊಣಕಾಲು ನೋಯುತ್ತಿದೆ. ಒತ್ತಿ ತುಳಿದಾಗ ಪೆಡಲ್ ‘ಕಟಕ್’ ಎಂದು ಕುಸಿಯುತ್ತದೆ. ಗೇರ್ ಸೈಕಲ್ ಕೊಳ್ಳಲೇಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಅವಸರ ಬೇಡ, ಆದರೆ ಆ ‘ಕಟಕ್’ ಸದ್ದನ್ನು ಇಂದೇ ಪರೀಕ್ಷಿಸಿ. ಒಂದು ಕ್ರ್ಯಾಂಕನ್ನು (ಪೆಡಲ್ ಕೂರಿಸಿರುವ ತೋಳು) ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಇನ್ನೊಂದು ಅದೇ ನೇರಕ್ಕೆ ಇದೆಯೇ ನೋಡಿ. ತುಸು ವಾರೆಯಾಗಿದ್ದರೆ ಕಾಟರ್ ಪಿನ್ (ಕ್ರ್ಯಾಂಕನ್ನು ಅಚ್ಚಿಗೆ ಬಿಗಿದಿಡುವ ಬೆಣೆ) ಸವೆದಿದೆ ಎಂದರ್ಥ. ಹೊಸ ಪಿನ್ನನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ ಮೇಲೆಯೇ ನಟ್ ಬಿಗಿಯಬೇಕು. ನಟ್ ತಿರುಗಿಸಿ ಪಿನ್ನನ್ನು ಎಳೆದುಕೊಳ್ಳಲು ಹೋದರೆ ಅದರ ತಿರುಪಿನ ಎಳೆಯೇ ಹಾಳಾಗುತ್ತದೆ. ಎರಡು ದಿನ ತುಳಿದ ಬಳಿಕ ಮತ್ತೊಮ್ಮೆ ಬಿಗಿಸಿಕೊಳ್ಳಿ. ಕ್ರ್ಯಾಂಕ್ ನೇರವಾಗಿದ್ದರೆ ಚೈನ್ ಹಲ್ಲಿನ ಮೇಲಿಂದ ಜಿಗಿಯುತ್ತಿರಬಹುದು. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ. ನಿಮ್ಮದು ಅದಕ್ಕಿಂತ ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದವಾಗಿದ್ದರೆ ಚೈನ್, ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲುಚಕ್ರ) ಎರಡನ್ನೂ ಒಟ್ಟಿಗೇ ಬದಲಿಸಿ.

ಹಾಗೆ ಬದಲಿಸುವಾಗ ಫ್ರೀವೀಲನ್ನು 22 ಹಲ್ಲಿನದೇ ಹಾಕಿಸಬೇಕೆಂಬುದು ನನ್ನ ಖಚಿತ ಸಲಹೆ. 28 ಇಂಚಿನ ಗಾಲಿಯ ಹಳೆಯ ಸೈಕಲ್‌ಗಳಲ್ಲಿ ಮುಂದೆ 44, ಹಿಂದೆ 18 ಹಲ್ಲು ಇರುವುದು ಸಾಮಾನ್ಯ; ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. 22 ಹಲ್ಲಿಗೆ ಅದು 4.4 ಮೀಟರಿಗೆ ಇಳಿಯುವುದರಿಂದ, ಅದೇ ಏರಿಗೆ ಕಾಲಿನ ಮೇಲೆ ಬೀಳುವ ಭಾರ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಸಪಾಟು ರಸ್ತೆಯಲ್ಲಿ ವೇಗ ಕುಗ್ಗುವುದು ನಿಜ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19ರ ಬದಲು 16 ಕಿಲೋಮೀಟರ್ ಸಾಗುತ್ತೀರಿ. ಮೊಣಕಾಲು ಉಳಿಯುವುದಾದರೆ ಅದು ದೊಡ್ಡ ನಷ್ಟವೇನಲ್ಲ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರಿಸಿ. ಇಷ್ಟಾದರೂ ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಧಾರವಾಡದ ಮಳೆಗಾಲದಲ್ಲಿ ಕೆಂಪು ರಾಡಿ ಚೈನಿಗೆ ಮೆತ್ತಿಕೊಂಡು ಅರದಂತೆ ಉಜ್ಜುತ್ತದೆ. ಮನೆಗೆ ಬಂದ ಕೂಡಲೇ ಒಣಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿ ತೆಗೆಯಿರಿ. ಗ್ರೀಸ್ ಬೇಡ, ಅದು ಮಣ್ಣನ್ನು ಹಿಡಿದಿಡುತ್ತದೆ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕ್ ಬಹಳ ತಡವಾಗಿ ಹಿಡಿಯುವುದರಿಂದ, ಗುಡ್ಡ ಇಳಿಯುವ ಮೊದಲೇ ಎರಡೂ ಬ್ರೇಕನ್ನು ಹಗುರಾಗಿ ಒತ್ತಿ ನೀರನ್ನು ಒರೆಸಿಕೊಳ್ಳಿ, ಸವೆದ ರಬ್ಬರನ್ನು ಮಳೆಗಾಲಕ್ಕೆ ಮುಂಚೆಯೇ ಬದಲಿಸಿ.