ಬೊಗೋಟಾದಲ್ಲಿ ಒಬ್ಬರೇ ಓಡಾಡುವಾಗ

ನಮಸ್ಕಾರ. ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ ನಾಲ್ಕು ದಿನ ಒಬ್ಬಳೇ ಇರಬೇಕು, ಅಲ್ಲಿನ ಹಳೇ ಪೇಟೆ ಲಾ ಕಾಂಡೆಲಾರಿಯಾದಲ್ಲಿ ಉಳಿದರೆ ಭಯವಿಲ್ಲವಾ ಅಂತ ಕೇಳಿದ್ದೀರಿ. ಹಗಲು ಹೊತ್ತು ಧೈರ್ಯವಾಗಿ ಓಡಾಡಿ. ಚಿನ್ನದ ಮ್ಯೂಸಿಯಂ, ಬೊಟೆರೊ ಮ್ಯೂಸಿಯಂ ಎರಡೂ ನಡೆದು ಹೋಗುವಷ್ಟು ಹತ್ತಿರ. ಆದರೆ ಕತ್ತಲಾದ ಮೇಲೆ ಆ ಬೀದಿಗಳು ಬೇಗ ಖಾಲಿಯಾಗುತ್ತವೆ. ಸಂಜೆಯ ನಂತರ ನಡೆಯಬೇಡಿ, ಆ್ಯಪ್‌ನಲ್ಲಿ ಕಾರು ಕರೆಸಿಕೊಳ್ಳಿ.

ಅಲ್ಲಿನವರ ಬಾಯಲ್ಲಿ ಒಂದು ಮಾತಿದೆ, ‘ನೊ ದಾರ್ ಪಪಾಯಾ’. ಪಪ್ಪಾಯಿ ಕೊಡಬೇಡ ಅಂತ, ಅಂದರೆ ಕಳ್ಳನಿಗೆ ಸುಲಭವಾಗಿ ಅವಕಾಶ ಮಾಡಿಕೊಡಬೇಡ. ಫೋನಿಗಂತೂ ಇದು ಸರಿಯಾಗಿ ಒಪ್ಪುತ್ತದೆ. ಮ್ಯಾಪ್ ನೋಡಬೇಕಾ? ಯಾವುದಾದರೂ ಅಂಗಡಿಯೊಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನೋಡಿ, ಒಳಗಿಟ್ಟುಕೊಂಡೇ ಹೊರಗೆ ಬನ್ನಿ. ಟ್ರಾನ್ಸ್‌ಮಿಲೆನಿಯೊ ಬಸ್ಸಿನಲ್ಲಿ ಬಾಗಿಲ ಪಕ್ಕ ಫೋನ್ ಹಿಡಿದು ನಿಲ್ಲಬೇಡಿ. ಬಾಗಿಲು ಮುಚ್ಚುವ ಹೊತ್ತಿಗೆ ಕಿತ್ತುಕೊಂಡು ಇಳಿದುಬಿಡುತ್ತಾರೆ. ಯಾರಾದರೂ ಅಡ್ಡಗಟ್ಟಿದರೆ ಕೇಳಿದ್ದು ಕೊಟ್ಟುಬಿಡಿ, ದಯವಿಟ್ಟು ಎಳೆದಾಡಬೇಡಿ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಗುರುತಿಲ್ಲದವರು ಕೊಟ್ಟ ಡ್ರಿಂಕ್ಸ್, ಸಿಗರೇಟು, ಚೂಯಿಂಗ್ ಗಮ್ ಬೇಡವೇ ಬೇಡ. ಸ್ಕೋಪೊಲಮೈನ್ ಅನ್ನೋ ಮಂಪರು ಬರಿಸುವ ಮದ್ದು ಬೆರೆಸಿ ದೋಚುವುದು ಅಲ್ಲಿ ನಿಜವಾಗಿಯೂ ನಡೆಯುತ್ತದೆ, ಬಾರುಗಳಲ್ಲಿ ಜಾಸ್ತಿ. ಗ್ಲಾಸು ಬಿಟ್ಟು ಎದ್ದು ಹೋಗಿದ್ದರೆ ವಾಪಸ್ ಬಂದು ಅದನ್ನು ಮುಟ್ಟಬೇಡಿ, ಹೊಸದು ತಗೊಳ್ಳಿ.

ಮೊನ್ಸೆರಾಟೆ ಬೆಟ್ಟಕ್ಕೆ ಕೇಬಲ್ ಕಾರಿನಲ್ಲೇ ಹೋಗಿ. ಊರೇ ಸುಮಾರು 2,600 ಮೀಟರ್ ಎತ್ತರದಲ್ಲಿದೆ, ಮೊದಲ ದಿನ ಸುಮ್ನೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಭಾನುವಾರ ಅಲ್ಲಿರ್ತೀರಿ ಅಲ್ವಾ? ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಎಷ್ಟೋ ದೊಡ್ಡ ರಸ್ತೆಗಳಲ್ಲಿ ಕಾರು ಬಿಡುವುದಿಲ್ಲ, ಸೈಕಲ್ಲು, ಮಕ್ಕಳು, ಅಜ್ಜ ಅಜ್ಜಿಯರೇ ತುಂಬಿರುತ್ತಾರೆ. ಆಗ ತಪ್ಪದೆ ನಡೆದಾಡಿ. ತುರ್ತಿಗೆ 123 ಒತ್ತಿ.