ಬೇವಿನ ಬಟ್ಟಲಿನ ಅಂಚಿಗೆ ತೊಗಟೆ ನಿಲ್ಲಬೇಕಾದರೆ
ನಮಸ್ಕಾರ ಸರ್. ಬೀದರ್ ಹತ್ತಿರ ನಿಮ್ಮ ಹೊಲದ ಹಸಿ ಬೇವನ್ನು ಲೇತ್‌ಗೆ (ಮರವನ್ನು ತಿರುಗಿಸಿ ಕೊರೆಯುವ ಯಂತ್ರ) ಹಾಕಿ, ಅಂಚಿಗೆ ತೊಗಟೆ ಉಳಿಸಿದ ಬಟ್ಟಲು ಮಾಡುತ್ತಿದ್ದೀರಿ, ಬಟ್ಟಲಿನ ಅಂಚಿನ ತೊಗಟೆ ಪ್ರತಿ ಸಲ ಕಿತ್ತು ಬರುತ್ತಿದೆ, ಯಾವ ಅಂಟು ಹಾಕಲಿ ಅಂತ ಕೇಳಿದ್ದೀರಿ. ಅಂಟಿಗಿಂತ ಮುಂಚೆ ಮರ ಕಡಿದ ಕಾಲ ನೋಡಿ. ನಮ್ಮ ಕಡೆ ಬೇವು ಯುಗಾದಿ ಹೊತ್ತಿಗೆ ಚಿಗುರುತ್ತದೆ, ಅಲ್ವಾ? ಆಗ ತೊಗಟೆಯ ಕೆಳಗೆ ಹೊಸ ಪದರ ಬೆಳೆಯುತ್ತಿರುತ್ತದೆ. ಅದು ಮೆತ್ತಗೆ, ಒದ್ದೆ. ಬೆರಳಲ್ಲಿ ಎಳೆದರೂ ತೊಗಟೆ ಜಾರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕಡಿದ ಮರದಲ್ಲಿ ಹಿಡಿತ ಜಾಸ್ತಿ.

ಈಗಿರುವ ತುಂಡಿಗೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ತನ್ನಿ. ಲೇತ್ ನಿಲ್ಲಿಸಿ, ತೊಗಟೆ ಮತ್ತು ಮರ ಸೇರುವ ಗೆರೆಯ ಉದ್ದಕ್ಕೂ ಹನಿಸಿ, ಪೂರ್ತಿ ಒಣಗಲು ಬಿಡಿ. ಉಳಿಯನ್ನು ಆಗಷ್ಟೇ ಹರಿತ ಮಾಡಿಕೊಳ್ಳಿ. ಹೊರಮೈಯ ಕೊನೆಯ ತೆಳು ಕೊಯ್ತವನ್ನು ತೊಗಟೆಯಿಂದ ಮರದ ಕಡೆಗೆ ತನ್ನಿ. ಆಗ ತೊಗಟೆಯ ಹಿಂದೆ ಮರದ ಆಸರೆ ಇರುತ್ತದೆ. ಬಟ್ಟಲಿನ ಬುಡದಿಂದ ಅಂಚಿಗೆ ಬಂದರೆ ತೊಗಟೆಯನ್ನು ಹೊರಕ್ಕೆ ತಳ್ಳಿದಂತೆ.

ದಯವಿಟ್ಟು ಒಂದು ಮಾತು ಕೇಳಿ. ಏರಿಳಿತದ ಅಂಚು ತಿರುಗುವಾಗ ಸುಮ್ನೆ ನೆರಳಿನ ಹಾಗೆ ಕಾಣುತ್ತದೆ, ಬೆರಳು ತಗುಲಿದರೆ ಕತ್ತರಿಸಿಬಿಡುತ್ತದೆ. ಅಂಚಿಗೆ ಉಪ್ಪುಕಾಗದ ಹಿಡಿಯುವುದು ಲೇತ್ ನಿಂತ ಮೇಲೆ ಮಾತ್ರ. ಮುಖಕ್ಕೆ ಶೀಲ್ಡ್ ಇರಲೇಬೇಕು.