ಜರ್ಮನಿಯಲ್ಲಿ ವಾಲ್‌ಮಾರ್ಟ್ ಯಾಕೆ ನಿಲ್ಲಲಿಲ್ಲ?

ಅಷ್ಟು ದುಡ್ಡಿದ್ದ ವಾಲ್‌ಮಾರ್ಟ್ ಜರ್ಮನಿಯಿಂದ ಯಾಕೆ ಗಂಟುಮೂಟೆ ಕಟ್ಟಿತು ಅಂತ ಕೇಳಿದ್ದೀರಿ. ಸಿಬ್ಬಂದಿ ನಗುನಗುತ್ತಾ ಗಿರಾಕಿಯ ಸಾಮಾನನ್ನು ಚೀಲಕ್ಕೆ ತುಂಬಿಕೊಡುವುದು ಅಲ್ಲಿನವರಿಗೆ ಹಿಡಿಸಲಿಲ್ಲ ಅನ್ನೋ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಆದರೆ ಸಣ್ಣ ವಿಷಯ. ದೊಡ್ಡ ಪೆಟ್ಟು ಬಿದ್ದದ್ದು ಬೆಲೆಯಲ್ಲಿ. ಅಗ್ಗದ ಮಾರಾಟವೇ ವಾಲ್‌ಮಾರ್ಟ್‌ನ ಬಲ, ಅಲ್ವಾ? ಜರ್ಮನಿಯದೇ ಅಗ್ಗದ ಅಂಗಡಿ ಸರಪಳಿಗಳಾದ ಆಲ್ಡಿ, ಲಿಡ್ಲ್ ಅದನ್ನು ಆಗಲೇ ಅರೆದು ಕುಡಿದಿದ್ದವು. ಪೈಪೋಟಿ ಎಷ್ಟಿತ್ತೆಂದರೆ, ಹಾಲು, ಬೆಣ್ಣೆ, ಸಕ್ಕರೆಯನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಡಿ ಅಂತ 2000ದಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಕಚೇರಿಯೇ ಮೂವರಿಗೂ ಆದೇಶ ಕೊಟ್ಟಿತು. ಭಾನುವಾರ ಅಂಗಡಿ ತೆರೆಯುವ ಹಾಗೂ ಇಲ್ಲ. 1997ರಲ್ಲಿ ಬಂದವರು 2006ರಲ್ಲಿ 85 ಮಳಿಗೆಗಳನ್ನು ಜರ್ಮನಿಯದೇ ಸಗಟು-ಚಿಲ್ಲರೆ ಮಾರಾಟ ಕಂಪನಿ ಮೆಟ್ರೋಗೆ ಮಾರಿದರು. ಹೌದು, 2003ರಲ್ಲಿ ಬೆಂಗಳೂರಿಗೆ ಬಂದ ಅದೇ ಮೆಟ್ರೋ. 2023ರಲ್ಲಿ ಅವರೂ ಇಲ್ಲಿನ ವ್ಯಾಪಾರವನ್ನು ರಿಲಯನ್ಸ್‌ಗೆ ಬಿಟ್ಟುಕೊಟ್ಟರು.